ಬಾವಿಯ ದೇವಿ, ತೇರಿನ ಯಂತ್ರ: ಎರಡು ಆಟಗಳ ಲೋರ್ (ಆಟದ ಲೋಕದ ಹಿನ್ನೆಲೆ ಕಥೆ) ರಿಪೇರಿ ಮಾಡಿದ ಕೆಲಸದ ದಾಖಲೆ

ನಮ್ಮ ಹತ್ತಿರ ಎರಡು ಆಟಗಳಿವೆ. ಮೊದಲನೆಯದು ಮೇಜಿನ ಸುತ್ತ ಕೂತು, ದಾಳ ಹಾಕಿ, ಮಾತಾಡುತ್ತ ಆಡುವ ರೋಲ್‌ಪ್ಲೇ ಆಟ. ಹೆಸರು ಇನ್ನೂ ಗಟ್ಟಿಯಾಗಿಲ್ಲ, ನಮ್ಮೊಳಗೆ ಅದು ಬಾವಿ ಆಟ. ಕಪ್ಪತಗುಡ್ಡವನ್ನು ಹೋಲುವ ಒಂದು ಗುಡ್ಡ, ಅದರ ಸುತ್ತ ಮಳೆ ಕಾಣದ ಎರೆ ಭೂಮಿ, ಊರಿಗೊಂದು ಮೆಟ್ಟಿಲುಬಾವಿ, ಮೇಲೆ ಕಲ್ಯಾಣ ಚಾಲುಕ್ಯರ ಕಾಲದ ಗಾಳಿ. ಅಲ್ಲಿ ಮಂತ್ರ ಬೇಕಾದವರು ಬಾವಿ ಇಳಿಯುತ್ತಾರೆ; ಏಳನೇ ಹಂತ ದಾಟಿದರೆ ಬಾವಿ ಮಾತಾಡುತ್ತದೆ. ಎರಡನೆಯದು ತೇರಿನ ಆಟ. ಇದು ಕಂಪ್ಯೂಟರಿನದು, ಆಟ ತಯಾರಿಸುವ ತಂತ್ರಾಂಶವಾದ ಗೋಡೋ ಎಂಜಿನ್‌ನಲ್ಲಿ ಕಟ್ಟುತ್ತಿರುವುದು. ತೇರು ಎಂಬ ಆಕಾಶನೌಕೆ ಬಹುಕಾಲದ ನಂತರ ಅದೇ ಗುಡ್ಡದ ಬುಡಕ್ಕೆ ಬಂದಿಳಿಯುತ್ತದೆ. ಬಾವಿ ಆಟ ಬರೆಯುವವನು ಧಾರವಾಡದಲ್ಲಿರುವ ನಾನು. ತೇರಿನ ಆಟ ಗದಗಿನ ಗೆಳೆಯನದು.

ಎರಡನ್ನೂ ಆಡಿದವರು ಹುಬ್ಬಳ್ಳಿಯಲ್ಲಿ ಒಂದೇ ಕೋಣೆಯಲ್ಲಿ ಸೇರಿದ ಮೇಲೆ ತಕರಾರು ಎದ್ದವು. ಬಾವಿಯಲ್ಲಿ ಮಾತಾಡುತ್ತಿದ್ದ ದೇವಿ ತೇರಿನ ದಿನಚರಿಯಾದ ಲಾಗ್‌ನಲ್ಲಿ ಯಂತ್ರವಾಗಿದ್ದಳು. ಗುಡ್ಡದ ಮೂಡಣಕ್ಕಿದ್ದ ಹೊನ್ನೂರು ತೇರಿನ ನಕಾಶೆಯಲ್ಲಿ ಪಡುವಣಕ್ಕೆ ಹೋಗಿ ಕೂತಿತ್ತು. ಅರಸಿ ಸೂರ್ಯವ್ವೆ ಒಂದು ಆಟದಲ್ಲಿ ಬಾವಿ ಮುಚ್ಚಿಸಿ ಸಾಯುತ್ತಾಳೆ. ಇನ್ನೊಂದರಲ್ಲಿ ಬಾವಿ ತೆರೆಸಿದವಳೆಂದು ಅವಳಿಗೆ ಗುಡಿಯಿದೆ. ಹೊನ್ನೂರನ್ನು ಮೂಡಣಕ್ಕೆ ತರುವುದು ನಕಾಶೆಯ ಒಂದು ಗೆರೆಯ ಕೆಲಸ, ಅದು ಅವತ್ತೇ ಮುಗಿಯಿತು. ಉಳಿದ ಎರಡರದು ಮತ್ತು ಅವುಗಳ ಬಾಲ ಹಿಡಿದು ಬಂದ ಉಳಿದೆಲ್ಲದರ ರಿಪೇರಿ ಇಲ್ಲಿದೆ.

ಬಿಚ್ಚಿ ಹರವಿದ್ದು

ಮೊದಲು ಬರೆದದ್ದನ್ನೆಲ್ಲ ಒಂದೆಡೆ ಸೇರಿಸಿದೆವು. ನಿಯಮಪುಸ್ತಕದ ಕರಡು, ಸಂಭಾಷಣೆಯ ಕಡತಗಳು, ನೋಟ್‌ಬುಕ್ಕಿನ ಫೋಟೋಗಳು, ಚಿಗರಿ ಬಸ್ಸಿನಲ್ಲಿ ಕೂತು ಕಳಿಸಿಕೊಂಡ ವಾಯ್ಸ್ ಮೆಸೇಜುಗಳು. ಇದಕ್ಕೆ ವಿಕಿ ಮಾಡೋಣ ಎಂದು ಗೆಳೆಯ ಹೇಳಿದ. ನಾನು ಬೇಡವೆಂದೆ. ವಿಕಿಯಲ್ಲಿ ಸೂರ್ಯವ್ವೆಗೆ ಒಂದು ಪುಟ ಅಂತ ಮಾಡಿದ ಕೂಡಲೇ ಯಾರು ಯಾರೋ ಹೇಳಿದ್ದೆಲ್ಲ ಒಂದೇ ದನಿಯ ಸತ್ಯವಾಗಿ ಕಲಸಿಹೋಗುತ್ತದೆ. ನಮಗೆ ಬೇಕಿದ್ದದ್ದು ವ್ಯಕ್ತಿಗೊಂದು ಪುಟಕ್ಕಿಂತ ಹೇಳಿಕೆಗೊಂದು ಸಾಲು. ಸಾದಾ ಸ್ಪ್ರೆಡ್‌ಶೀಟ್, ಅಲ್ಪವಿರಾಮ ಹಾಕಿದ ಪಠ್ಯವಾಗಿ ಉಳಿಸಿ, ಗಿಟ್‌ನಲ್ಲಿ ಇಟ್ಟಿದ್ದೇವೆ. ಯಾರು ಯಾವ ಸಾಲು ಯಾವಾಗ ತಿದ್ದಿದರು ಎಂಬುದು ಗೊತ್ತಾಗುತ್ತದೆ, ಅಷ್ಟು ಸಾಕು.

ಕಾಲಂಗಳಲ್ಲಿ ಮುಖ್ಯವಾದದ್ದು ಹೊಳೆದದ್ದು ಒಬ್ಬ ನಿವೃತ್ತ ಮಾಸ್ತರರಿಂದ. ಹಳಗನ್ನಡ ಶಾಸನ ಓದುವವರು, ಬಾವಿ ಆಟದ ಭಾಷೆಯನ್ನು ತಿದ್ದಿಕೊಡುವವರು. ಲಕ್ಕುಂಡಿಯಲ್ಲಿ ಮಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿಯ ದಂಡೆಯ ಮೇಲೆ ನಿಂತು ನಮ್ಮ ತಕರಾರಿನ ಪಟ್ಟಿ ಒಪ್ಪಿಸಿದಾಗ ಅವರು ನಕ್ಕರು.

“ಶಾಸನಾ ಖರೇ ಹೇಳ್ತದ ಅಂತ ತಿಳ್ಕೋಬ್ಯಾಡ ತಮ್ಮಾ. ಬರಸಿದಾಂವ ಏನ ಹೇಳಬೇಕಂದಿದ್ನೋ ಅದನ್ನ ಹೇಳ್ತದ. ಮೊದಲ ಯಾರ ಬರಸ್ಯಾರ ಅನ್ನೋದ ನೋಡು, ಆಮ್ಯಾಲ ಏನ ಬರಸ್ಯಾರ ಅನ್ನೋದ.”

“ಹಂಗಾರ ನಮ್ಮ ಪುಸ್ತಕದಾಗ ಯಾರೂ ಹೇಳದನ ಬರದದ್ದು ಭಾಳ ಅದ ರೀ ಸರ.”

“ಅದನ್ನ ಮೊದಲ ಹುಡುಕ್ರಿ. ಜಗಳಾ ಅಲ್ಲೇ ಇರ್ತಾವ.”

ಖರೇನೇ ಆಯಿತು. ಪ್ರತಿ ಸಾಲಿಗೂ ‘ಹೇಳಿದವರು’ ಎಂಬ ಕಾಲಂ ಇಟ್ಟು ತುಂಬುತ್ತ ಹೋದಾಗ, ಎರಡೂ ಆಟಗಳು ಡಿಕ್ಕಿ ಹೊಡೆಯುವ ಬಹುಪಾಲು ಕಡೆ ಆ ಕಾಲಂ ಖಾಲಿ ಉಳಿಯಿತು. ಅಂದರೆ ಅಲ್ಲಿ ಪಾತ್ರ ಯಾವುದೂ ಮಾತಾಡುತ್ತಿರಲಿಲ್ಲ. ಪುಸ್ತಕವೇ ತಾನು ಎಲ್ಲ ಬಲ್ಲೆ ಎಂಬ ದನಿಯಲ್ಲಿ ಹೇಳುತ್ತಿತ್ತು.

ಇನ್ನೊಂದು ಕಾಲಂ ‘ಗಟ್ಟಿತನ’. ಮೂರೇ ದರ್ಜೆ: ಕಲ್ಲು, ಓಲೆ, ಬಾಯಿಮಾತು. ಕಲ್ಲು ಅಂದರೆ ಆಟಗಾರರು ಕಣ್ಣಾರೆ ಕಾಣುವಂಥದ್ದು, ಎರಡೂ ಆಟದಲ್ಲಿ ಕದಲಬಾರದು. ಓಲೆ ಅಂದರೆ ಲೋಕದೊಳಗಿನ ಯಾರೋ ಬರೆದಿಟ್ಟದ್ದು, ಅವರಿಗೆ ಅವರದೇ ಲಾಭ-ನಷ್ಟ ಇರುತ್ತದೆ. ಬಾಯಿಮಾತಿಗೆ ವಿವರಣೆ ಬೇಡ. ಒಂದು ಸಾಲು ಹೀಗಿರುತ್ತದೆ:

ಗುರುತು: ಬಾ-17
ಹೇಳಿಕೆ: ಬಾವಿಯಲ್ಲಿ ಇರುವವಳು ಮಳೆಯ ದೇವಿ
ಹೇಳಿದವರು: ಹೊನ್ನೂರಿನ ಪೂಜಾರಿ
ಗಟ್ಟಿತನ: ಬಾಯಿಮಾತು
ತೇರಿಗೆ ದಾಟುವುದು: ಗುಡಿಯ ಹಾಡಾಗಿ ಮಾತ್ರ

ಎರಡು ದರ್ಜೆ ಸಾಕೆಂದು ಗೆಳೆಯನ ವಾದ. ಓಲೆ ಬೇಕೇ ಬೇಕೆಂದು ನನ್ನದು. ಎರಡು ಕಾಲಗಳ ನಡುವೆ ದಾಟುವ ಸರಕು ಬಹುಪಾಲು ಓಲೆಯೇ. ಬಾಯಿಮಾತು ಹಾಡಾಗದೆ ಅಷ್ಟು ದೂರ ಬಾಳುವುದಿಲ್ಲ.

ಹೆಸರು ಹುಡುಕುವ ಗೋಳು

ಸಾಲುಗಳು ಸಿದ್ಧವಾದ ಮೇಲೆ ಕಂಪ್ಯೂಟರ್ ಭಾಷೆಯಾದ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಕೆಲಸ ಇಷ್ಟೇ: ಎರಡೂ ಆಟದ ಕಡತಗಳಲ್ಲಿ ಪಟ್ಟಿಯಲ್ಲಿರುವ ಹೆಸರು ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿ, ಆ ಸಾಲನ್ನೂ ಪಟ್ಟಿಯ ಸಾಲನ್ನೂ ಪಕ್ಕಪಕ್ಕಕ್ಕೆ ತೋರಿಸಬೇಕು. ಸರಿಯೋ ತಪ್ಪೋ ಎಂದು ನಿರ್ಧರಿಸುವುದು ಮನುಷ್ಯರ ಕೆಲಸ. ಇಂಗ್ಲಿಷ್ ಕಡತಗಳಿಗಾದರೆ ಇದು ಊಟದ ಬಿಡುವಿನಲ್ಲಿ ಮುಗಿಯುತ್ತಿತ್ತು. ಕನ್ನಡಕ್ಕೆ ಬಂದಾಗ ಮೂರು ಗೋಡೆ ಎದುರಾದವು, ಇನ್ನಾರಾದರೂ ಕನ್ನಡದಲ್ಲಿ ಆಟ ಬರೆಯುವವರಿದ್ದರೆ ಉಪಯೋಗಕ್ಕೆ ಬರಲಿ ಎಂದು ವಿವರವಾಗಿ ಬರೆಯುತ್ತೇನೆ.

ಮೊದಲನೆಯದು ಕಣ್ಣಿಗೆ ಕಾಣದ ವ್ಯತ್ಯಾಸ. ‘ಕೋಟೆ’ಯ ಕೋ ಅಕ್ಷರವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಸಂಖ್ಯೆಯಾಗಿ ಇಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಾಗಿಯೂ ಇಡಬಹುದು, ಮೂರು ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ ಪದ. ನಮ್ಮ ಕಡತಗಳಲ್ಲಿ ಕೆಲವು ನೇರವಾಗಿ ಟೈಪ್ ಮಾಡಿದವು, ಕೆಲವು ಮಾಸ್ತರರು ಹಳೆಯ ನುಡಿ ಫಾಂಟ್‌ನಲ್ಲಿ ಬರೆದು ಆಮೇಲೆ ಪರಿವರ್ತನೆಯಾದವು. ಇದಕ್ಕೆ ಪೈಥಾನ್‌ನಲ್ಲೇ ಮದ್ದಿದೆ. ಯುನಿಕೋಡ್‌ಡೇಟಾ ಎಂಬ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ಬಿಡಿ ಚಿಹ್ನೆಗಳೆಲ್ಲ ಕೂಡಿ ಒಂದಾಗುತ್ತವೆ.

ಆದರೆ ಅದು ಅರ್ಕಾವತ್ತಿನ ತಂಟೆಗೆ ಹೋಗುವುದಿಲ್ಲ. ‘ಸೂರ್ಯವ್ವೆ’ ಎಂದು ಅರ್ಕಾವತ್ತು ಹಾಕಿ ಬರೆದದ್ದು ಒಂದು, ‘ಸೂರ‍್ಯವ್ವೆ’ ಎಂದು ರಕಾರವನ್ನು ಪೂರ್ತಿ ಉಳಿಸಿ ಯಕಾರವನ್ನು ಒತ್ತಾಗಿ ಬರೆದದ್ದು ಇನ್ನೊಂದು. ಎರಡನೆಯದರ ಹೊಟ್ಟೆಯಲ್ಲಿ ಅಗಲವೇ ಇಲ್ಲದ ಒಂದು ಜೋಡಣೆಯ ಚಿಹ್ನೆ ಕೂತಿರುತ್ತದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಹುಡುಕುವ ಮುನ್ನ ಅಂಥ ಚಿಹ್ನೆಗಳನ್ನು ನಾವೇ ಕಿತ್ತುಹಾಕಬೇಕು. ಹುಡುಕುವ ಪ್ರತಿಯಲ್ಲಿ ಮಾತ್ರ, ಮೂಲದಲ್ಲಿ ಕೈಯಾಡಿಸಬೇಡಿ. ಮಾಸ್ತರರಿಗೆ ಆ ರೂಪವೇ ಇಷ್ಟ. ಶಾಸನದ ಪಠ್ಯಗಳಲ್ಲಿ ಬರುವ ಱ ಮತ್ತು ೞ ಗಳನ್ನೂ ಹುಡುಕುವ ಪ್ರತಿಯಲ್ಲಿ ರ, ಳ ಮಾಡಿಕೊಂಡೆ.

ಮೂರನೆಯದು ವಿಭಕ್ತಿ. ಹೊನ್ನೂರು ಎಂದು ಹುಡುಕಿದರೆ ಹೊನ್ನೂರಿನ, ಹೊನ್ನೂರಿಗೆ, ಹೊನ್ನೂರಾಗ ಯಾವುದೂ ಸಿಗುವುದಿಲ್ಲ, ಕೊನೆಯ ಉಕಾರ ಅಷ್ಟರಲ್ಲಿ ಬಿದ್ದುಹೋಗಿರುತ್ತದೆ. ಪದಕೋಶ, ವ್ಯಾಕರಣ ವಿಶ್ಲೇಷಕ ಅಂತೆಲ್ಲ ಹೋಗದೆ ಒಂದು ಒರಟು ಉಪಾಯ ಮಾಡಿದೆ: ಹೆಸರಿನ ಕೊನೆಯ ಸ್ವರಚಿಹ್ನೆಯನ್ನು ಕತ್ತರಿಸಿ, ಉಳಿದ ಭಾಗದಿಂದ ಶುರುವಾಗುವ ಪದಗಳನ್ನೆಲ್ಲ ಹಿಡಿಯುವುದು. ಹೊನ್ನೂರ ಎಂದಿಟ್ಟರೆ ಎಲ್ಲ ವಿಭಕ್ತಿಯೂ ಬಂತು, ನಮ್ಮ ಕಡೆಯ ಮಾತಿನ ರೂಪವೂ ಬಂತು. ಸೂರ್ಯವ್ವ ಎಂದಿಟ್ಟರೆ ಸೂರ್ಯವ್ವೆಯ, ಸೂರ್ಯವ್ವಗ, ಕೂಗಿ ಕರೆಯುವ ಸೂರ್ಯವ್ವಾ ಎಲ್ಲವೂ.

ಬಲೆ ದೊಡ್ಡದಾದಷ್ಟೂ ಬೇಡದ್ದು ಬೀಳುತ್ತದೆ. ಬಂಕ ಎಂಬ ಕಾವಲುಗಾರನ ಪಾತ್ರವೊಂದಿದೆ. ನನ್ನ ಟಿಪ್ಪಣಿಗಳಲ್ಲಿ ಕೋಟೆಯ ಮಾದರಿಗೆಂದು ಬಂಕಾಪುರದ ಕೋಟೆ, ಅಲ್ಲಿಯ ನವಿಲು, ನಗರೇಶ್ವರ ಗುಡಿಯ ಕಂಬ ಎಂದು ಬರೆದುಕೊಂಡಿದ್ದೆಲ್ಲ ಬಂಕನ ಖಾತೆಗೆ ಜಮಾ ಆಯಿತು. ‘ಹಿಡಿಯಬೇಡ’ ಎಂಬ ಇನ್ನೊಂದು ಸಣ್ಣ ಪಟ್ಟಿ ಇಟ್ಟು ಬಂಕಾಪುರವನ್ನು ಅದಕ್ಕೆ ಸೇರಿಸಿದೆ.

ಅಂಕಿಗಳ ವಿಷಯದಲ್ಲಿ ಮಾತ್ರ ಪೈಥಾನ್ ಧಾರಾಳಿ. ೧೨ ಎಂದು ಕೊಟ್ಟರೂ 12 ಎಂದೇ ಓದಿಕೊಳ್ಳುತ್ತದೆ.

ಅರವತ್ತು ಸಾವಿರ ವರ್ಷ

ಎರಡೂ ಆಟಗಳ ನಡುವೆ ಎಷ್ಟು ಕಾಲ ಎಂಬುದು ಮೊದಲು ಗೊತ್ತೇ ಇರಲಿಲ್ಲ. ನನ್ನ ಕಡತದಲ್ಲಿ ‘ಯುಗಗಳ ನಂತರ’, ಗೆಳೆಯನದರಲ್ಲಿ ‘ಹತ್ತು ಸಾವಿರ ವರ್ಷ’. ದಾನಶಾಸನಗಳ ಕೊನೆಯಲ್ಲಿ ಒಂದು ಶಾಪ ಬರುತ್ತದೆ: ತಾನು ಕೊಟ್ಟದ್ದನ್ನೋ ಪರರು ಕೊಟ್ಟದ್ದನ್ನೋ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ನಮ್ಮ ಭಾಗದ ಎಷ್ಟೋ ಕಲ್ಲುಗಳ ಮೇಲೆ ಈ ಶ್ಲೋಕ ಇದೆ. ಇದನ್ನು ಮಾಸ್ತರರು ಓದಿ ತೋರಿಸಿದಾಗ ಗೆಳೆಯನಿಗೆ ತೇರಿನ ಕಥೆಯ ತಲೆಬುಡ ಎರಡೂ ಒಟ್ಟಿಗೆ ಸಿಕ್ಕವು. ಬಾವಿಯ ನೀರನ್ನು ಕಸಿದವರು ಆ ನಾಡು ಬಿಟ್ಟು ತೇರಿನಲ್ಲಿ ಹೋದರು. ಶಾಪದ ಅವಧಿ ಮುಗಿದ ವರ್ಷ ಅವರ ಸಂತತಿ ಮರಳುತ್ತದೆ. ಅಂತರ ಸರಿಯಾಗಿ 60,000 ವರ್ಷ.

ಇದರಿಂದ ಪುಕ್ಕಟೆಯಾಗಿ ಒಂದು ಅನುಕೂಲ ಒದಗಿತು. ಬಾವಿ ಆಟದ ಜನ ವರ್ಷವನ್ನು ಸಂವತ್ಸರದ ಹೆಸರಿನಿಂದಲೇ ಹೇಳುತ್ತಾರೆ. 60 ಹೆಸರುಗಳ ಚಕ್ರ, 60,000 ಅಂದರೆ ಸರಿಯಾಗಿ 1,000 ಸುತ್ತು. ಹಾಗಾಗಿ ಬಾವಿ ಆಟದಲ್ಲಿ ಪರಾಭವ ಸಂವತ್ಸರದಲ್ಲಿ ನಡೆದದ್ದರ ‘ಸಾವಿರದ ಸುತ್ತು’ ತೇರಿನ ಆಟದಲ್ಲೂ ಪರಾಭವಕ್ಕೇ ಬಂದು ನಿಲ್ಲುತ್ತದೆ.

ಆದರೆ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಬರೀ ಹೆಸರಿನಿಂದ ಯಾವ ಸುತ್ತು ಎಂದು ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಆಟಗಾರರಿಗೆ ತೋರಿಸದ ‘ಒಳಗಿನ ವರ್ಷ’ ಎಂಬ ಕಾಲಂ ಹಾಕಿದೆವು, ಅದರಲ್ಲಿ ಸಾದಾ ಸಂಖ್ಯೆ. ಸಂವತ್ಸರವನ್ನು ಸ್ಕ್ರಿಪ್ಟ್ ಲೆಕ್ಕಹಾಕಿ ಪಠ್ಯದಲ್ಲಿರುವ ಹೆಸರಿನೊಂದಿಗೆ ತಾಳೆ ನೋಡುತ್ತದೆ. ಈ ಲೆಕ್ಕ ಸರಿಯಿದೆಯೇ ಎಂದು ನಿಜವಾದ ಇತಿಹಾಸದ ಮೇಲೆ ಒರೆಹಚ್ಚಿದೆ. 1987ರ ಯುಗಾದಿಗೆ ಚಕ್ರದ ಮೊದಲ ಹೆಸರು, ಪ್ರಭವ. ಆರನೇ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ಶಕೆ ಶುರುಮಾಡಿದ್ದು 1076ರಲ್ಲಿ. ನಡುವಿನ 911 ವರ್ಷವನ್ನು 60ರಿಂದ ಭಾಗಿಸಿದರೆ ಶೇಷ 11. ಪ್ರಭವದಿಂದ ಹಿಂದಕ್ಕೆ 11 ಎಣಿಸಿದರೆ 50ನೆಯದು, ನಳ. ಆ ಶಕೆಯ ಮೊದಲ ವರ್ಷ ನಳ ಸಂವತ್ಸರವೇ. ಸ್ಕ್ರಿಪ್ಟೂ ಅದನ್ನೇ ಹೇಳಿತು.

ರಾಜನೊಬ್ಬ ಪಟ್ಟಕ್ಕೆ ಬಂದವನೇ ವರ್ಷದ ಎಣಿಕೆಯನ್ನೇ ಬದಲಿಸುವುದು ನನಗೆ ಬಹಳ ಹಿಡಿಸಿತು, ಅದನ್ನೂ ಬಾವಿ ಆಟಕ್ಕೆ ಎತ್ತಿಕೊಂಡೆ. ಸೂರ್ಯವ್ವೆ ತನ್ನದೇ ಶಕೆ ಶುರುಮಾಡುತ್ತಾಳೆ. ಅವಳನ್ನು ಒಪ್ಪದ ಊರುಗಳು ಹಳೆಯ ಎಣಿಕೆಯಲ್ಲೇ ಬರೆಸುತ್ತವೆ. ಕಾಲದ ತಾಳೆ ತಪ್ಪಿದ ಕೆಲವು ಹಳೆಯ ಸಾಲುಗಳಿಗೆ ಇದರಿಂದ ನ್ಯಾಯವಾದ ಕಾರಣ ಸಿಕ್ಕಿತು. ಎಲ್ಲಕ್ಕೂ ಅಲ್ಲ. ಕಾರಣ ಹೊಂದದವನ್ನು ಅಳಿಸಿದೆವು.

ಉತ್ತರದ ಕಡೆ ಸಂವತ್ಸರವನ್ನು ಗುರುಗ್ರಹದ ಚಲನೆಯೊಂದಿಗೆ ಕಟ್ಟಿರುವುದರಿಂದ ಸುಮಾರು 85 ವರ್ಷಕ್ಕೊಮ್ಮೆ ಒಂದು ಹೆಸರನ್ನು ಹಾರಿಸುತ್ತಾರೆ, ನಮ್ಮಲ್ಲಿ ಹಾರಿಸುವುದಿಲ್ಲ. 60,000 ವರ್ಷದಲ್ಲಿ ಅದು ಏಳುನೂರರಷ್ಟು ಹೆಸರಿನ ವ್ಯತ್ಯಾಸ. ತೇರಿನ ಕಂಪ್ಯೂಟರು ಗುರುವನ್ನು ನೋಡಿ ಲೆಕ್ಕಹಾಕುತ್ತದೆ, ನೆಲದ ಜನ ಸುಮ್ಮನೆ ಎಣಿಸುತ್ತಾರೆ. ಈ ವರ್ಷದ ಹೆಸರೇನು ಎಂಬುದರಲ್ಲೇ ಎರಡೂ ಕಡೆಯವರಿಗೆ ಮೊದಲ ಜಗಳ. ಗೆಳೆಯ ಇದನ್ನು ತೇರಿನ ಆಟದ ಮೊದಲ ದೃಶ್ಯವನ್ನಾಗಿ ಮಾಡಿದ್ದಾನೆ, ಚೆನ್ನಾಗಿದೆ. ಭೂಮಿಯ ಅಕ್ಷ ಮೆಲ್ಲಗೆ ತಿರುಗುವ ಅಯನ ಚಲನೆಯ ಸುತ್ತು ಹತ್ತಿರಹತ್ತಿರ 25,800 ವರ್ಷವಾದ್ದರಿಂದ ಸಂಕ್ರಾಂತಿಯೂ ಋತುವಿನಿಂದ ನಾಲ್ಕು ತಿಂಗಳು ಸರಿದಿರುತ್ತದೆ. ಹಾಗಾಗಿ ಬಾವಿ ಆಟದ ಸುಗ್ಗಿಯ ಹಾಡನ್ನು ತೇರಿನ ಆಟದವರು ಸುಡುಬೇಸಿಗೆಯಲ್ಲಿ, ಹೊಲದಲ್ಲಿ ಏನೂ ಇಲ್ಲದಾಗ ಹಾಡುತ್ತಾರೆ. ಯಾಕೆಂದು ಅವರಿಗೂ ಗೊತ್ತಿಲ್ಲ.

ದೇವಿಯೋ ಯಂತ್ರವೋ

ಇದೇ ದೊಡ್ಡ ತಿರುಚು. ಗೆಳೆಯ ಫೋನಿನಲ್ಲಿ ಪಟ್ಟು ಹಿಡಿದ.

“ದೇವಿ ಅಂತೀಯಲ್ಲ, ಇರ್ಲಿ ಬಿಡು. ಆದ್ರ ತೇರಿನ ಲಾಗ್‌ನ್ಯಾಗ ಯಂತ್ರ ಅಂತ ಬರದದ. ಅದೇನು ಸುಳ್ಳಾ ದೋಸ್ತ?”

“ಸುಳ್ಳಂತ ನಾ ಎಲ್ಲಿ ಅಂದೆ? ಬಾವಿ ಇಳದಾಂವ ಎದರಿಗೆ ನಿಂತು ಅದನ್ನ ಹೇಳಬ್ಯಾಡ ಅಂದೆ.”

ಈ ಹಾದಿಯಲ್ಲಿ ನಮಗಿಂತ ಮುಂಚೆ ನಡೆದವರು ಏನು ಮಾಡಿದರು ಎಂದು ನೋಡಿದೆವು. ಮೈಟ್ ಅಂಡ್ ಮ್ಯಾಜಿಕ್ ಸರಣಿಯಲ್ಲಿ 1986ರ ಮೊದಲ ಆಟದಿಂದಲೇ ಕತ್ತಿ-ಮಂತ್ರದ ಲೋಕದ ಹಿಂದೆ ಆಕಾಶಯಾನದ ಕಥೆಯಿದೆ. ಅಲ್ಲಿಯ ದೆವ್ವಗಳು ಕೂಡ ಬೇರೆ ಲೋಕದಿಂದ ಬಂದ ಜೀವಿಗಳು. ಅದರ ಸೋದರ ಸರಣಿ ಹೀರೋಸ್‌ನ ಮೂರನೇ ಆಟಕ್ಕೆ 1999ರಲ್ಲಿ ಆರ್ಮಗೆಡನ್ಸ್ ಬ್ಲೇಡ್ ಎಂಬ ವಿಸ್ತರಣೆ ಬರುವಾಗ, ಫೋರ್ಜ್ ಎಂಬ ಯಂತ್ರಾಯುಧಗಳ ಪಟ್ಟಣವನ್ನು ಸೇರಿಸಲು ಹೊರಟರು. ಲೋರ್ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೀರೋಸ್ ಮಾತ್ರ ಆಡುತ್ತ ಬಂದವರಿಗೆ ಆ ಹಿನ್ನೆಲೆಯ ಪರಿಚಯವೇ ಇರಲಿಲ್ಲ. ಡ್ರ್ಯಾಗನ್ನುಗಳ ನಡುವೆ ಯಂತ್ರ ಕಂಡು ಅವರು ಸಿಡಿದೆದ್ದರು, ಫೋರ್ಜ್ ಕೈಬಿಟ್ಟು ಕಾನ್‌ಫ್ಲಕ್ಸ್ ಎಂಬ ಪಟ್ಟಣ ತಂದರು. ಮುಂದೆ ಸರಣಿ ಯೂಬಿಸಾಫ್ಟ್ ಕೈಗೆ ಹೋಗಿ, 2006ರ ಐದನೇ ಹೀರೋಸ್ ಆಶಾನ್ ಎಂಬ ಹೊಚ್ಚ ಹೊಸ ಲೋಕದಲ್ಲಿ ಶುರುವಾಯಿತು. ಹಳೆಯ ಆಕಾಶಯಾನದ ಗೊಡವೆಯೇ ಬೇಡವೆಂದರು.

ವಾರ್‌ಹ್ಯಾಮರ್‌ನವರದು ಬೇರೆ ದಾರಿ. 1983ರ ಮಾಂತ್ರಿಕ ಲೋಕದ ಆಟ, 1987ರ ದೂರಭವಿಷ್ಯದ ಆಟ. ಕೇಡಿನ ನಾಲ್ಕು ದೇವತೆಗಳು, ಖೋರ್ನ್, ನರ್ಗಲ್, ಟ್ಸೀಂಚ್, ಸ್ಲಾನೇಶ್, ಎರಡರಲ್ಲೂ ಅವರೇ. ಇತಿಹಾಸ, ಊರು, ರಾಜವಂಶ ಯಾವುದಕ್ಕೂ ಗಂಟು ಹಾಕಲಿಲ್ಲ. ಹಾಗಾಗಿಯೇ 2015ರಲ್ಲಿ ಹಳೆಯ ಮಾಂತ್ರಿಕ ಲೋಕವನ್ನು ಪೂರ್ತಿ ನಾಶಮಾಡಿ ಮುಗಿಸಿದರೂ ಭವಿಷ್ಯದ ಆಟದ ಒಂದು ಕೂದಲೂ ಕೊಂಕಲಿಲ್ಲ. ನನ್ನ ಕಣ್ಣಿಗೆ ಇದು ಜಾಣತನ.  ಆ ದೇವತೆಗಳು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಎರಡೂ ಕಡೆ ಒಂದೇ. ಕೋಪಕ್ಕೆ ಖೋರ್ನ್, ಕೊಳೆಗೆ ನರ್ಗಲ್.

ಅದನ್ನೇ ನಮ್ಮ ಬಾವಿಗೆ ಹಚ್ಚಿದೆವು. ಬಾವಿ ಏನು ಮಾಡುತ್ತದೆ ಎಂಬುದನ್ನು ಮಾತ್ರ ಕಲ್ಲು ಎಂದು ಗುರುತಿಸಿದೆವು: ದನಿ ಏಳನೇ ಹಂತದ ಕೆಳಗೆ ಮಾತ್ರ ಕೇಳುತ್ತದೆ. ನೀರು ಏಳನೇ ಹಂತ ಮುಟ್ಟಿದರೆ ನಿಲ್ಲುತ್ತದೆ. ಕೇಳಿದ ಪ್ರಶ್ನೆಗೆ ಒಂದೇ ಪದದ ಉತ್ತರ. ಸುಳ್ಳು ಹೇಳುವುದಿಲ್ಲ. ದೇವಿ ಎಂಬುದು ಪೂಜಾರಿಯ ಬಾಯಿಮಾತು, ಯಂತ್ರ ಎಂಬುದು ತೇರಿನ ಎಂಜಿನಿಯರನ ಓಲೆ. ಎರಡರಲ್ಲಿ ಯಾವುದು ನಿಜ ಎಂದು ನಾವಿಬ್ಬರೂ ಪಟ್ಟಿಯಲ್ಲಿ ಎಲ್ಲೂ ಬರೆಯುವುದಿಲ್ಲ ಎಂದು ಒಪ್ಪಂದ. ಯಾರದೇ ವಿವರಣೆಗೆ ಐದನೆಯದೊಂದು ಗುಣ ಬೇಕಾದರೆ ಅದನ್ನು ಎರಡೂ ಆಟಕ್ಕೆ ಸೇರಿಸಬೇಕು, ಇಲ್ಲವೇ ವಿವರಣೆ ಬಿಡಬೇಕು.

ಈ ಕಟ್ಟಳೆಯ ಬಿಸಿ ಮೊದಲು ತಟ್ಟಿದ್ದು ಗೆಳೆಯನಿಗೆ. ಅವನ ಯಂತ್ರಕ್ಕೆ ವಿದ್ಯುತ್ ಎಲ್ಲಿಂದ ಎಂಬ ಪ್ರಶ್ನೆಗೆ ಬಾವಿಯ ಕಟ್ಟೆಯ ಕಲ್ಲು ಸದಾ ಬೆಚ್ಚಗಿರುತ್ತದೆ ಎಂದು ಬರೆದಿದ್ದ. ಬಾವಿ ಆಟದಲ್ಲಿ ಅದೇ ಕಟ್ಟೆಯ ತಂಪಿನಲ್ಲಿ ಜನ ಮಲಗುವ ದೃಶ್ಯಗಳು ಎಷ್ಟೋ ಇವೆ. ಬೆಚ್ಚಗಿನ ಕಲ್ಲು ಹೋಯಿತು. ಯಂತ್ರ ಯಾವುದರಿಂದ ನಡೆಯುತ್ತದೆ ಎಂಬುದು ಎಂಜಿನಿಯರನಿಗೂ ತಿಳಿಯದೆ ಒದ್ದಾಡುವ ಒಂದು ಸಂಭಾಷಣೆ ಬಂತು, ಮೊದಲಿನದಕ್ಕಿಂತ ಎಷ್ಟೋ ವಾಸಿ.

ನನ್ನ ಪುಸ್ತಕದಲ್ಲಿ ‘ಬಾವಿಯಲ್ಲಿ ದೇವಿಯಿದ್ದಾಳೆ’ ಎಂಬ ಸಾಲುಗಳನ್ನೆಲ್ಲ ಹುಡುಕಿ ಯಾರಾದರೊಬ್ಬರ ಬಾಯಿಗೆ ಹಾಕಿದೆ. ಬೇಸರದ ಕೆಲಸ, ಅಷ್ಟೇ.

ಎರಡು ಮುಕ್ತಾಯ, ಒಂದು ಕಲ್ಲು

ಬಾವಿ ಆಟದ ಕೊನೆಗೆ ಪ್ರತಿ ತಂಡವೂ ತನ್ನ ಕಥೆಯನ್ನು ಒಂದು ಶಾಸನವಾಗಿ ಬರೆಯುತ್ತದೆ. ಕೆಲವರ ಆಟದಲ್ಲಿ ಸೂರ್ಯವ್ವೆ ಬಾವಿ ಮುಚ್ಚಿಸುತ್ತಾಳೆ, ಕೆಲವರ ಆಟದಲ್ಲಿ ತೆರೆಸುತ್ತಾಳೆ. ತೇರಿನ ಆಟ ಯಾವುದನ್ನು ನಂಬಬೇಕು?

1996ರ ಕಂಪ್ಯೂಟರ್ ಆಟ ಡ್ಯಾಗರ್‌ಫಾಲ್‌ಗೂ ಇದೇ ತಾಪತ್ರಯ ಇತ್ತು, ಅದಕ್ಕೆ ಹಲವು ಮುಕ್ತಾಯಗಳು. ಅದೇ ಸರಣಿಯ ಮುಂದಿನ ಆಟಗಳು ಕಾಲವೇ ಮುರಿದು ಎಲ್ಲ ಮುಕ್ತಾಯಗಳೂ ಒಟ್ಟಿಗೆ ನಡೆದವು ಎಂದುಬಿಟ್ಟವು. ಧೈರ್ಯದ ಮಾತು, ಆದರೆ ಆ ಲೋಕಕ್ಕೆ ಅದು ಒಗ್ಗುತ್ತದೆ, ನಮ್ಮ ಎರೆ ಹೊಲಕ್ಕೆ ಒಗ್ಗುವುದಿಲ್ಲ. ಮೇಜಿನ ರೋಲ್‌ಪ್ಲೇ ಆಟವಾದ ಪಾತ್‌ಫೈಂಡರ್‌ನ ಭವಿಷ್ಯರೂಪವಾಗಿ 2017ರಲ್ಲಿ ಬಂದ ಸ್ಟಾರ್‌ಫೈಂಡರ್‌ನವರು ಇನ್ನೂ ಸಲೀಸು ದಾರಿ ಹಿಡಿದರು: ಹಳೆಯ ಆಟದ ಗೊಲೇರಿಯನ್ ಗ್ರಹವೇ ಕಾಣೆಯಾಗಿದೆ, ನಡುವಿನ ಒಂದು ದೊಡ್ಡ ಕಾಲಖಂಡ ಯಾರ ನೆನಪಿನಲ್ಲೂ ಯಾವ ದಾಖಲೆಯಲ್ಲೂ ಇಲ್ಲ. ಹಳೆಯ ಆಟ ಮುಂದೆ ಏನು ಬೇಕಾದರೂ ಮಾಡಿಕೊಳ್ಳಬಹುದು, ಹೊಸದಕ್ಕೆ ತೊಡಕಿಲ್ಲ. ಗೆಳೆಯನಿಗೆ ಇದೇ ಬೇಕಿತ್ತು. ನನಗೆ ಒಪ್ಪಲಾಗಲಿಲ್ಲ. ಆಟಗಾರರು ತಾವೇ ಕೆತ್ತಿದ ಶಾಸನ ಮುಂದಿನ ಆಟಕ್ಕೆ ತಲುಪುವುದಿಲ್ಲ ಎಂದಾದರೆ ಅವರಿಂದ ಕೆತ್ತಿಸುವುದೇಕೆ?

ನಡುದಾರಿ ಸಿಕ್ಕಿದ್ದು ಸವೆದ ಕಲ್ಲಿನಲ್ಲಿ. ಶಾಸನ ತಲುಪುತ್ತದೆ, ಅಕ್ಷರ ಹಾರಿಹೋಗಿರುತ್ತವೆ. ಯಾವ ಅಕ್ಷರ ಹಾರಬೇಕು ಎಂಬುದು ನಮ್ಮ ಕೈಯಲ್ಲಿ. ‘ಸೂರ್ಯವ್ವೆ ಬಾವಿಯಂ ಮುಚ್ಚಿಸಿದಳ್’ ಎಂಬುದೂ ‘ತೆಱೆಯಿಸಿದಳ್’ ಎಂಬುದೂ ಸವೆದ ಮೇಲೆ ‘ಸೂರ್ಯವ್ವೆ ಬಾವಿಯಂ . . ಸಿದಳ್’ ಆಗಿ ಕಾಣಬೇಕು. ಇಲ್ಲಿ ಮಾಸ್ತರರು ಒಂದು ಸೂಕ್ಷ್ಮ ಹಿಡಿದರು. ಶಾಸನ ಓದುವವರು ಹೋದ ಅಕ್ಷರದ ಜಾಗವನ್ನು ಎಣಿಸುತ್ತಾರೆ. ಮೊದಲನೆಯದರಲ್ಲಿ ಎರಡು ಅಕ್ಷರದ ಜಾಗ, ಎರಡನೆಯದರಲ್ಲಿ ಮೂರು. ಚುರುಕಾದವನು ಕಲ್ಲಿನ ಖಾಲಿಯನ್ನು ಅಳೆದೇ ಉತ್ತರ ಹೇಳಿಬಿಡುತ್ತಾನೆ. ತೆಱೆಯಿಸಿದಳ್ ಎಂಬುದನ್ನು ‘ತೆಱೆಸಿದಳ್’ ಎಂದು ಮಾಡಿ ಎರಡನ್ನೂ ಸಮ ಮಾಡಿದೆವು. ಈಗ ಆಟಗಾರರಿಗೆ ಶಾಸನ ಬರೆಯಲು ಕೊಡುವ ಕ್ರಿಯಾಪದಗಳ ಪಟ್ಟಿಯಲ್ಲಿ ಎದುರುಬದುರು ಅರ್ಥದವೆಲ್ಲ ಅಕ್ಷರಸಂಖ್ಯೆಯಲ್ಲಿ ಸರಿಸಮ.

ಪರೀಕ್ಷೆಯ ಆಟಕ್ಕೆ ಒಂದು ನಿಜವಾದ ಪಡಿಯಚ್ಚನ್ನೇ, ಅಂದರೆ ಕೆತ್ತಿದ ಅಕ್ಷರವನ್ನು ಕಾಗದದ ಮೇಲೆ ಇಳಿಸಿಕೊಳ್ಳುವ ಅಚ್ಚನ್ನೇ, ಮಾಡಿದೆವು. ಕಟ್ಟಿಗೆಯ ಚೌಕಟ್ಟಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು, ಅರೆಗಟ್ಟಿಯಾದಾಗ ಮೊಳೆಯಿಂದ ಅಕ್ಷರ ಕೊರೆದು, ಪೂರ್ತಿ ಒಣಗಿದ ಮೇಲೆ ಸವೆಯಬೇಕಾದ ಜಾಗಕ್ಕೆ ಉಜ್ಜುಕಾಗದ ಹಾಕಿ ತಿಕ್ಕಿದ್ದು. ಮೇಲೊಂದು ಕೈ ವಾರ್ನಿಷ್ ಬೇಕು, ಇಲ್ಲದಿದ್ದರೆ ಪ್ಲಾಸ್ಟರ್ ನೀರು ಹೀರಿ ಕಾಗದವನ್ನು ಹಿಡಿದುಕೊಂಡುಬಿಡುತ್ತದೆ. ಕಾಗದವನ್ನು ನೀರಲ್ಲಿ ಅದ್ದಿ ಹಲಗೆಯ ಮೇಲೆ ಹರವಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಬಡಿಯುತ್ತ ಹೋದರೆ ಅದು ಅಕ್ಷರದ ತಗ್ಗಿಗೆ ಇಳಿಯುತ್ತದೆ. ತುಸು ಆರಿದ ಮೇಲೆ ಬಟ್ಟೆಯ ಉಂಡೆಗೆ ಕಪ್ಪು ಶಾಯಿ ಹಚ್ಚಿ ಮೇಲೆ ಮೆಲ್ಲಗೆ ತಟ್ಟಬೇಕು. ತಗ್ಗಿಗೆ ಶಾಯಿ ತಾಗದೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಶಾಯಿ ಹಚ್ಚುವುದು ಕಾಗದದ ಹೊರಮೈಗೆ ಆದ್ದರಿಂದ ಅಕ್ಷರ ತಿರುವುಮುರುವಾಗುವುದಿಲ್ಲ, ನೇರವಾಗಿ ಓದಲು ಬರುತ್ತದೆ. ಅದನ್ನು ಸ್ಕ್ಯಾನ್ ಮಾಡಿ ತೇರಿನ ಆಟದೊಳಗೆ ಹಾಕಿದ್ದಾನೆ ಗೆಳೆಯ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಮಾಡಿದ್ದ ಹಳೆಯ ಶಾಸನ ಇದರ ಎದುರು ನಿಲ್ಲಲಿಲ್ಲ.

ಮತ್ತೆ ಆಡಿಸಿದಾಗ

ಬಾವಿ ಆಟ ಆಡಿದವರು ಸವೆದ ಸಾಲು ನೋಡಿ ತಮ್ಮ ತಮ್ಮ ಅಕ್ಷರ ತುಂಬಿ ಓದಿದರು, ಎರಡೂ ಪಕ್ಷದವರು ತಾವೇ ಸರಿ ಎಂದು ಕೂತರು. ಅದು ಬೇಕಾಗಿದ್ದ ಜಗಳ. ಬಾವಿ ಆಟ ಗೊತ್ತಿಲ್ಲದ ತಂಡಕ್ಕೆ ಆ ಸಾಲು ಸಾದಾ ಒಗಟಾಗಿ ಕಂಡಿತು, ಅಡ್ಡಿಯಾಗಲಿಲ್ಲ. ದೇವಿ-ಯಂತ್ರದ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ.

ಎತ್ತಿದ್ದು ಬೇರೆ. ಬ್ಯಾಡಗಿ ಕಡೆಯ ಅಕ್ಕ ಒಬ್ಬರು ಬಾವಿ ಆಟದ ಪುಸ್ತಕ ತಿರುವುತ್ತಿದ್ದವರು ಛತ್ರದ ದೃಶ್ಯಕ್ಕೆ ಬಂದು ನಿಂತರು.

“ಚಾಲುಕ್ಯರ ಕಾಲಕ್ಕ ಮೆಣಸಿನಕಾಯಿ ಎಲ್ಲಿತ್ತಪಾ? ನಿಮ್ಮ ಸೂರ್ಯವ್ವ ಕೆಂಪ ಖಾರಾ ಹಚ್ಕೊಂಡ ರೊಟ್ಟಿ ತಿನ್ನಾಕತ್ತಾಳಲ್ಲ!”

“ಅದು ಕಲ್ಪನೆಯ ನಾಡು ರೀ ಅಕ್ಕಾರ, ಚಾಲುಕ್ಯರದಲ್ಲ” ಎಂದ ಗೆಳೆಯ.

“ಹಂಗಾರ ತೇರಿನವರು ಬೀಜಾ ತಂದ ಮ್ಯಾಲ ಹೊಸಾ ಬೆಳಿ ಬಂತು ಅಂತ ಯಾಕ ಬರದೀರಿ?”

ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮೆಣಸಿನಕಾಯಿಯೂ ಶೇಂಗಾವೂ ಪೋರ್ಚುಗೀಸರು ಬಂದ ಮೇಲೆ, 16ನೇ ಶತಮಾನದಿಂದೀಚೆಗೆ ನಮ್ಮ ನೆಲ ಕಂಡವು. ಕಲ್ಪನೆಯ ನಾಡಿಗೆ ಆ ನಿಯಮ ಇಲ್ಲ ಎನ್ನಬಹುದು, ಆದರೆ ತೇರು ಹೊರಗಿನ ಬೀಜ ತರುತ್ತದೆ ಎಂಬುದು ನಮ್ಮದೇ ಪಟ್ಟಿಯಲ್ಲಿ ಕಲ್ಲು ದರ್ಜೆಯ ಸಾಲು. ತೇರು ತರಬೇಕಾದದ್ದು 60,000 ವರ್ಷ ಮೊದಲೇ ಅರಸಿಯ ತಟ್ಟೆಯಲ್ಲಿದ್ದರೆ ಹೇಗೆ? ಸ್ಕ್ರಿಪ್ಟಿಗೆ ಇದು ಸಿಗಲಿಲ್ಲ, ಯಾಕೆಂದರೆ ಪಟ್ಟಿಯಲ್ಲಿ ಇದ್ದದ್ದು ವ್ಯಕ್ತಿ, ಊರು, ವರ್ಷ ಮಾತ್ರ. ಉಣ್ಣುವುದು ಯಾವುದೂ ಇರಲಿಲ್ಲ.

ಈಗ ಬೆಳೆಗಳಿಗೆ ಬೇರೆ ಹಾಳೆ ತೆರೆದಿದ್ದೇನೆ. ಜೋಳ, ಸಜ್ಜೆ, ನವಣೆ, ಅಗಸಿ, ಗುರೆಳ್ಳು, ಹುಣಸೆ, ಕರಿಮೆಣಸು ಬಾವಿ ಆಟದ ಕಡೆ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ, ಆಲೂಗಡ್ಡೆ ತೇರಿನ ಕಡೆ. ಸೂರ್ಯವ್ವೆಯ ರೊಟ್ಟಿಗೆ ಕರಿಮೆಣಸು ಹಾಕಿದ ಗುರೆಳ್ಳು ಚಟ್ನಿ ಬಂದಿದೆ. ಸ್ಕ್ರಿಪ್ಟಿಗೆ ಈ ಹಾಳೆ ಕೊಟ್ಟು ಓಡಿಸಿದಾಗ ಛತ್ರದ ಅಡುಗೆಯವಳ ಸಾರಿನಲ್ಲಿ ಟೊಮೆಟೊ ಸಿಕ್ಕಿತು. ಹುಣಸೆಹಣ್ಣು ಎಂದು ತಿದ್ದಿ ಗದಗಿಗೆ ಕಳಿಸಿದ್ದೇನೆ. ಕರಿಮೆಣಸು ಹುಡುಕಲು ಇಟ್ಟ ಕರಿಮೆಣಸ ಎಂಬ ತುಂಡು ಕರಿಮೆಣಸಿನಕಾಯಿ ಎಂಬುದನ್ನೂ ಹಿಡಿಯುತ್ತದೆ, ಅದನ್ನು ‘ಹಿಡಿಯಬೇಡ’ ಪಟ್ಟಿಯಲ್ಲಿ ಬಂಕಾಪುರದ ಪಕ್ಕಕ್ಕೆ ಸೇರಿಸಬೇಕು.